ಹಟ್ ಬೇಯಲ್ಲಿ ಎಂಬತ್ತಾರು ಡಿಗ್ರಿ

ಹೊಳೆನರಸೀಪುರ
9 ಜೂನ್ 2025

ಅಶೋಕ ಎನ್ನುವವರಿಗೆ,

ಲಿಟಲ್ ಅಂಡಮಾನ್ ದ್ವೀಪದ ಹಟ್ ಬೇಯಲ್ಲಿ, ಜಲಪಾತದ ಹತ್ತಿರ, ತಾನು ರಾಮನಾಥಪುರದ ಅಶೋಕ ಎಂದು ಹೇಳಿಕೊಳ್ಳುವ ಗೈಡ್ ಒಬ್ಬರಿದ್ದಾರೆ. ಇದನ್ನು ತಿಳಿಸಿದವರು ಚನ್ನರಾಯಪಟ್ಟಣದ ನಿವೃತ್ತ ಮೇಷ್ಟ್ರು ಕೃಷ್ಣಪ್ಪ. ಅವರು ಏಪ್ರಿಲ್ ಕೊನೆಯ ವಾರ ಪತ್ನಿ ಜಯಲಕ್ಷ್ಮಮ್ಮನವರ ಜೊತೆ ಅಂಡಮಾನ್ ನೋಡಿಬಂದು, ಹಾಸನದ ನಮ್ಮ ದಿನಪತ್ರಿಕೆಗೆ ಪ್ರವಾಸ ಲೇಖನ ಕೊಟ್ಟರು. ನಾನು ಅಲ್ಲಿ ಉಪಸಂಪಾದಕಿ. ಲೇಖನ ತಿದ್ದಲು ನನ್ನ ಮೇಜಿಗೆ ಬಂತು.

ಅದರಲ್ಲಿ ಹೀಗಿತ್ತು: "ಜಲಪಾತದ ಕೆಳಗಿನ ಬಂಡೆಯ ಮೇಲೆ ಕಾಲಿಟ್ಟೆ. ಅಲ್ಲಿಯವರೆಗೆ ಹಿಂದಿಯಲ್ಲೇ ವಿವರಿಸುತ್ತಿದ್ದ ಗೈಡ್ ಹಿಂದಿನಿಂದ ‘ಉಸಾರು ಸಾ, ಜಾರ್ತದೆ!’ ಎಂದು ಕೂಗಿದ. ‘ಯಾವೂರ್ಲಾ ನಿಂದು?’ ಅಂದೆ. ‘ರಾಮನಾಥಪುರ ಸಾ’ ಅಂದ. ಹೆಸರು ಅಶೋಕ ಅಂದ. ಮನೆಗೇನಾದರೂ ಹೇಳಬೇಕೇ ಎಂದು ಕೇಳಿದ್ದಕ್ಕೆ ನೀರಿನ ಕಡೆ ತಿರುಗಿಕೊಂಡ." ಈ ಸಾಲುಗಳನ್ನು ನಾನು ತೆಗೆದುಹಾಕಿದೆ. ಅಚ್ಚಾಗಿಲ್ಲ.

ನನ್ನ ಅಣ್ಣನ ಹೆಸರು ಅಶೋಕ. 1998ರ ಸೆಪ್ಟೆಂಬರಿನಲ್ಲಿ ಊರು ಬಿಟ್ಟಾಗ ಅವನಿಗೆ ಹತ್ತೊಂಬತ್ತು ವರ್ಷ. 2005ರ ಫೆಬ್ರವರಿಯಲ್ಲಿ ಪಿರಿಯಾಪಟ್ಟಣದ ಕಡೆಯ ಮಂಚಯ್ಯ ಎಂಬ ಕೂಲಿಯವರು ಮನೆಗೆ ಬಂದರು. ಅಂಡಮಾನಿನಲ್ಲಿ ತಮ್ಮ ಜೊತೆ ಕೆಲಸ ಮಾಡುತ್ತಿದ್ದ ಅಶೋಕನನ್ನು ಸುನಾಮಿ ಕೊಂಡೊಯ್ದಿತು ಎಂದು ಹೇಳಿ, ಕೊಟ್ಟ ಕಾಫಿ ಕುಡಿಯದೆ ಹೋದರು. ಮನೆಯಲ್ಲಿ ಬುದ್ಧವಂದನೆ ಮಾಡಿಸಿದೆವು. ಅಂದಿನಿಂದ ನಮ್ಮ ದಾಖಲೆಯಲ್ಲಿ ಅವನು ಮೃತ.

ಕೃಷ್ಣಪ್ಪ ಮೇಷ್ಟ್ರು ನಿಮ್ಮ ಫೋನ್ ನಂಬರನ್ನೂ ಕೊಟ್ಟಿದ್ದಾರೆ. ನಾನು ಫೋನ್ ಮಾಡುವುದಿಲ್ಲ. ಫೋನಿನಲ್ಲಿ ಯಾರು ಬೇಕಾದರೂ ಅಣ್ಣ ಆಗಬಹುದು. ಕಳೆದ ತಿಂಗಳು ನಮ್ಮ ಬೀದಿಯ ನಿವೃತ್ತ ನರ್ಸ್ ಒಬ್ಬರನ್ನು ಮಗನ ಧ್ವನಿಯಲ್ಲೇ ಮೋಸ ಮಾಡಿದ ಸುದ್ದಿಯನ್ನು ನಾನೇ ಬರೆದೆ. ಆದ್ದರಿಂದ ನಿಮ್ಮ ಕೈಬರಹದಲ್ಲಿ, ಕನ್ನಡದಲ್ಲಿ, ಅಂಚೆಯಲ್ಲಿ ಉತ್ತರ ಕಳಿಸಿ. ನೀವಿರುವ ಜಾಗ ಎಂಥದು, ಎಷ್ಟು ವರ್ಷದಿಂದ ಇದ್ದೀರಿ ಎಂಬುದನ್ನು ತಿಳಿಸಿ.

ರಂಜಿನಿ
ದಿವಂಗತ ಚಿಕ್ಕಯ್ಯನವರ ಮಗಳು


ಹಟ್ ಬೇ
೧ ಜುಲೈ ೨೦೨೫, ಮಧ್ಯಾಹ್ನ ೧೨, ೮೬ ಡಿಗ್ರಿ

ರಂಜಿನಿಯವರಿಗೆ ನಮಸ್ಕಾರ.

ಕಾಗದ ತಲುಪಿತು. ಕನ್ನಡ ಬರೆದು ಇಪ್ಪತ್ತೇಳು ವರ್ಷ ಆಯಿತು. ಒತ್ತಕ್ಷರ ತಪ್ಪಿದ್ದರೆ ಮನ್ನಿಸಿ.

ನಾನಿರುವ ಜಾಗದ ವಿವರ ಕೇಳಿದ್ದೀರಿ. ಲಿಟಲ್ ಅಂಡಮಾನ್ ಎಂದು ಹೆಸರಿದ್ದರೂ ಚಿಕ್ಕದಲ್ಲ. ಏಳು ನೂರು ಚದರ ಕಿಲೋಮೀಟರಿಗೂ ಮೇಲಿದೆ. ಅಂಡಮಾನ್ ದ್ವೀಪಗಳಲ್ಲಿ ಇದೇ ಕೊನೆ, ದಕ್ಷಿಣಕ್ಕೆ ಹತ್ತು ಡಿಗ್ರಿ ಕಾಲುವೆ, ಅದು ದಾಟಿದರೆ ನಿಕೋಬಾರ್. ಪೋರ್ಟ್ ಬ್ಲೇರಿನಿಂದ ಹಡಗಿನಲ್ಲಿ ಏಳೆಂಟು ಗಂಟೆ. ಆ ಊರಿಗೆ ಈಗ ಶ್ರೀ ವಿಜಯ ಪುರಂ ಎಂದು ಹೆಸರು. ನಾವು ಹಳೆಯವರು ಹಳೆಯ ಹೆಸರೇ ಹೇಳುತ್ತೇವೆ. ಹಡಗು ನಿಲ್ಲುವ ಜಾಗ ಹಟ್ ಬೇ. ಅಲ್ಲಿಂದ ಒಂದೇ ರಸ್ತೆ, ಪೂರ್ವ ದಂಡೆಯ ಉದ್ದಕ್ಕೂ ಉತ್ತರಕ್ಕೆ ಹೋಗುತ್ತದೆ.

ನೋಡುವ ಜಾಗಗಳು: ಆರೂವರೆ ಕಿಲೋಮೀಟರಿನಲ್ಲಿ ವೈಟ್ ಸರ್ಫ್ ಜಲಪಾತ, ನನ್ನ ಕೆಲಸ ಅಲ್ಲೇ. ಹದಿನಾಲ್ಕನೆಯ ಕಿಲೋಮೀಟರಿನಲ್ಲಿ ಬಟ್ಲರ್ ಬೇ, ಬಿಳಿ ಮರಳು, ಅಲೆ ಮೇಲೆ ಹಲಗೆ ಹಾಕಿಕೊಂಡು ಜಾರುವವರು ಬರುತ್ತಾರೆ. ಇನ್ನೂ ಮುಂದೆ ಕಾಡಿನ ಒಳಗೆ ಇನ್ನೊಂದು ಜಲಪಾತ. ದಾರಿಯಲ್ಲಿ ಎಣ್ಣೆ ತಾಳೆಯ ದೊಡ್ಡ ತೋಟ ಇದೆ. ನಾನು ಮೊದಲು ಅಲ್ಲಿ ಕೂಲಿ ಮಾಡುತ್ತಿದ್ದೆ. ತೋಟದ ಕೆಲಸ ನಿಂತ ಮೇಲೆ ಗೈಡ್ ಆದೆ.

ಇತಿಹಾಸ: ಇದು ಓಂಗೆ ಜನರ ದ್ವೀಪ. ೧೮೬೭ರಲ್ಲಿ ಬ್ರಿಟಿಷ್ ಹಡಗಿನವರು ದಡಕ್ಕೆ ಇಳಿದಾಗ ಓಂಗೆಗಳು ಅವರನ್ನು ಬಿಡಲಿಲ್ಲ. ಆಮೇಲೆ ಬ್ರಿಟಿಷರು ಇನ್ನೊಂದು ಹಡಗು ತಂದು ಗುಂಡು ಹಾರಿಸಿದರು. ೧೯೭೦ರ ಆಚೀಚೆ ಪೂರ್ವ ಬಂಗಾಳದಿಂದ ಬಂದವರಿಗೆ ಕಾಡು ಕಡಿದು ಜಾಗ ಕೊಟ್ಟರು. ಈಗ ಓಂಗೆಗಳು ನೂರ ಚಿಲ್ಲರೆ ಮಂದಿ, ಅವರಿರುವ ಕಡೆಗೆ ಪ್ರವಾಸಿಗಳು ಹೋಗುವಂತಿಲ್ಲ. ಹೋಗೋಣ ಎಂದು ಕೇಳುವವರಿಗೆ ನಾನು ಆಗುವುದಿಲ್ಲ ಎನ್ನುತ್ತೇನೆ.

ನಮ್ಮೂರ ವಹ್ನಿ ಪುಷ್ಕರಿಣಿಯಲ್ಲಿ ಕಡ್ಲೆಪುರಿ ಹಾಕಿದರೆ ಮೀನು ಕೈ ಹತ್ತಿರ ಬರುತ್ತಿದ್ದವು. ಇಲ್ಲಿಯ ಮೀನು ಬರುವುದಿಲ್ಲ. ಹಿಡಿಯುತ್ತಾರೆ ಎಂದು ಅವಕ್ಕೆ ಗೊತ್ತು.

ಅಶೋಕ


ಹೊಳೆನರಸೀಪುರ
22 ಜುಲೈ 2025

ಅಶೋಕ ಅವರಿಗೆ,

ನಿಮ್ಮ ಪತ್ರದಲ್ಲಿರುವ ವಿಸ್ತೀರ್ಣ, ದೂರ, ಇಸವಿ ಎಲ್ಲವನ್ನೂ ಪರಿಶೀಲಿಸಿದೆ. ಡೆಸ್ಕಿನಲ್ಲಿ ಅಂಕಿಗಳನ್ನು ನೋಡುವವಳು ನಾನೇ. ಜಲಪಾತದ ದೂರ ಪ್ರವಾಸೋದ್ಯಮದ ವೆಬ್‌ಸೈಟಿನಲ್ಲೂ ಆರೂವರೆ ಕಿಲೋಮೀಟರ್ ಎಂದೇ ಇದೆ. ಬಟ್ಲರ್ ಬೇ ಹದಿನಾಲ್ಕು. ಎಲ್ಲ ಸರಿಯಿದೆ. ನನ್ನ ತಕರಾರು ಅದೇ. ತಪ್ಪೇ ಇಲ್ಲದ ಪ್ರತಿ ಬಂದಾಗ ಅದನ್ನು ಎಲ್ಲಿಂದ ಇಳಿಸಿದ್ದಾರೆ ಎಂದು ಮೊದಲು ಹುಡುಕುತ್ತೇನೆ. ಇಪ್ಪತ್ತೇಳು ವರ್ಷದ ನಂತರ ತಂಗಿಗೆ ಬರೆಯುವವನು ಚದರ ಕಿಲೋಮೀಟರ್ ಬರೆಯುತ್ತಾನೆಯೇ?

ಒಂದೇ ಒಂದು ತಪ್ಪು ಸಿಕ್ಕಿತು. ಪತ್ರದ ತಲೆಯಲ್ಲಿ 86 ಡಿಗ್ರಿ ಎಂದಿದೆ. ಹಟ್ ಬೇಯಲ್ಲಿ ಎಂಬತ್ತಾರು ಡಿಗ್ರಿ ಇದ್ದರೆ ನೀವು ಪತ್ರ ಬರೆಯಲು ಉಳಿಯುತ್ತಿರಲಿಲ್ಲ, ಸಮುದ್ರದಲ್ಲಿ ಮೀನು ಬೆಂದು ತೇಲುತ್ತಿದ್ದವು. ಹವಾಮಾನದ ಪುಟದಲ್ಲಿ ಆ ದಿನ ಅಲ್ಲಿ 30 ಎಂದಿದೆ. ನಕಲು ಮಾಡುವಾಗ ಇದನ್ನು ಎಲ್ಲಿಂದ ತೆಗೆದಿರಿ?

ಪುಷ್ಕರಿಣಿಯ ಮೀನು ಸಾಕ್ಷಿ ಅಲ್ಲ. ರಾಮನಾಥಪುರಕ್ಕೆ ಒಂದು ದಿನ ಬಂದುಹೋದವರೂ ಆ ಮೀನಿಗೆ ಪುರಿ ಹಾಕಿರುತ್ತಾರೆ.

ಈ ಮೂರಕ್ಕೆ ಉತ್ತರ ಬೇಕು. ಸುನಾಮಿಯ ದಿನ ನೀವು ಎಲ್ಲಿದ್ದಿರಿ? ಮಂಚಯ್ಯ ನಿಮ್ಮನ್ನು ಸತ್ತರು ಎಂದು ಏಕೆ ಹೇಳಿದರು? ಊರು ಬಿಟ್ಟ ದಿನ ಏನಾಯಿತು?

ರಂಜಿನಿ


ಹಟ್ ಬೇ
೧೨ ಆಗಸ್ಟ್ ೨೦೨೫, ಸಂಜೆ ೪, ೮೨ ಡಿಗ್ರಿ

ರಂಜಿನಿಯವರಿಗೆ,

ಮಳೆ ಹಿಡಿದಿದೆ. ನಾಲ್ಕು ದಿನ ಹಡಗು ಬರಲಿಲ್ಲ, ನಿಮ್ಮ ಕಾಗದ ತಡವಾಯಿತು.

ದಿನಾ ಬೆಳಿಗ್ಗೆ ಪ್ರವಾಸಿಗಳಿಗೆ ಹೇಳುವುದನ್ನೇ ನಿಮಗೂ ಬರೆದೆ. ಬೇರೆ ಏನು ಬರೆಯಬೇಕೋ ಗೊತ್ತಾಗಲಿಲ್ಲ. ಹದಿನೈದು ವರ್ಷದಿಂದ ಬಾಯಿಯಲ್ಲಿ ಇರುವುದು ಅದೇ. ಜಾಗ ಎಂಥದು ಎಂದು ಕೇಳಿದವರು ನೀವು.

ಸುನಾಮಿಯ ದಿನ ಭಾನುವಾರ. ತೋಟದ ಕೂಲಿಯವರು ಜೆಟ್ಟಿಯ ಹತ್ತಿರ ಇದ್ದೆವು. ಮೊದಲು ಭೂಮಿ ಅಲ್ಲಾಡಿತು. ಆಮೇಲೆ ಸಮುದ್ರ ಹಿಂದಕ್ಕೆ ಹೋಯಿತು, ಹವಳದ ಬಂಡೆಗಳೆಲ್ಲ ಬಯಲಾದವು. ಮೀನು ಒದ್ದಾಡುತ್ತಿದ್ದವು. ಆಯ್ದುಕೊಳ್ಳೋಣ ಎಂದು ಕೆಲವರು ಇಳಿದರು. ನಾನೂ ಇಳಿಯುತ್ತಿದ್ದೆ. ಮಂಚಯ್ಯ ನನ್ನ ಅಂಗಿ ಹಿಡಿದು ಎಳೆದ. "ಮನೆ ಬಿಟ್ಟ ನೀರು ಸುಮ್ಕೆ ಓಗಕಿಲ್ಲ ಕಣ್ಲಾ, ಬಾ" ಅಂದ. ಗುಡ್ಡ ಹತ್ತಿದೆವು. ಇಳಿದವರು ಬರಲಿಲ್ಲ. ಓಂಗೆಗಳು ಸಮುದ್ರ ಹಿಂದೆ ಸರಿದದ್ದು ನೋಡಿ ಮೊದಲೇ ಮೇಲೆ ಹೋಗಿದ್ದರಂತೆ. ಹೊರಗಿನವರು ಯಾರೂ ಅವರಿಗೆ ಹೇಳಿಕೊಟ್ಟದ್ದಲ್ಲ.

ಮಂಚಯ್ಯ ಸುಳ್ಳು ಹೇಳಿದ್ದು ನನಗಾಗಿ. ಅವನು ಊರಿಗೆ ಹೊರಟಾಗ ನಾನೇ ಹೇಳಿದೆ, "ಅಣ್ಣೋ, ನಮ್ಮನೆಗೋಗಿ ಸತ್ತ ಅಂತ ಏಳ್ಬುಡು, ನಿನ್ ಕಾಲ್ಗೆ ಬೀಳ್ತೀನಿ" ಅಂತ. ಅವನು ಮತ್ತೆ ಬರಲಿಲ್ಲ. ಹೇಳಿದನೋ ಇಲ್ಲವೋ ಎಂಬುದು ನಿಮ್ಮ ಕಾಗದದಿಂದಲೇ ಗೊತ್ತಾಯಿತು.

ಡಿಗ್ರಿಯ ವಿಷಯ. ನನ್ನ ಥರ್ಮಾಮೀಟರ್ ಸರಿಯಾಗಿದೆ. ಬಾಗಿಲ ಪಕ್ಕ ತೂಗುಹಾಕಿದ್ದೇನೆ, ದಿನಕ್ಕೆ ನಾಲ್ಕು ಸಲ ನೋಡುತ್ತೇನೆ. ನೀವು ಅದನ್ನು ಓದಿ ನಕ್ಕಿದ್ದೀರಿ. ನಮ್ಮ ಮನೆಯವರಾದರೆ ಆ ಅಂಕಿ ನೋಡಿ ನಗುತ್ತಿರಲಿಲ್ಲ. ಆ ಸಾಲನ್ನು ಮೂರು ಸಲ ಓದಿದೆ.

ನೀವು ಪೊಲೀಸರ ಹಾಗೆ ಕೇಳುತ್ತೀರಿ. ನನಗೆ ಗೊತ್ತಿದ್ದ ರಂಜಿ ಒಂದು ಪ್ರಶ್ನೆ ಕೇಳಿ ಉತ್ತರ ಬರುವ ಮೊದಲೇ ಓಡಿಹೋಗುತ್ತಿದ್ದಳು. ಊರು ಬಿಟ್ಟ ದಿನ ಏನಾಯಿತು ಎಂದು ನಾನು ಕಾಗದದಲ್ಲಿ ಬರೆದು ಸಹಿ ಮಾಡಬೇಕು ಎಂದು ಯಾರು ನಿಮಗೆ ಹೇಳಿಕೊಟ್ಟರು? ಈಶ್ವರಯ್ಯನವರ ಮನೆಯವರೇ?

ಅಶೋಕ


ಹೊಳೆನರಸೀಪುರ
30 ಆಗಸ್ಟ್ 2025

ಅಶೋಕ ಅವರಿಗೆ,

ಈಶ್ವರಯ್ಯನವರ ಹೆಸರು ನಿಮ್ಮ ಬಾಯಿಂದಲೇ ಬಂದದ್ದು ಒಳ್ಳೆಯದಾಯಿತು.

ಈಶ್ವರಯ್ಯನವರು ತೀರಿಹೋದರು. ಮಗ ರುದ್ರೇಶ ಇದ್ದಾರೆ. ಅವರ ಜಮೀನಿನ ಪಕ್ಕದಲ್ಲೇ ನಮ್ಮಪ್ಪನ ಹೆಸರಿನ ಒಂದೂವರೆ ಎಕರೆ ಇದೆ, ಅದರ ಮೇಲೆ ಅವರಿಗೆ ಕಣ್ಣು. ಅದನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆ ಅರ್ಜಿಯನ್ನು ಮಾರ್ಚಿನಲ್ಲಿ ಕೊಟ್ಟೆ. ಏಪ್ರಿಲಿನಲ್ಲಿ ನೀವು ಜೀವಂತವಾದಿರಿ. ಕಳೆದ ಸೋಮವಾರ ಅರಕಲಗೂಡು ತಾಲ್ಲೂಕು ಕಚೇರಿಯ ಮೆಟ್ಟಿಲ ಮೇಲೆ ರುದ್ರೇಶ ಎದುರಾದರು. "ಏನ್ ರಂಜಿನಿಯವ್ರೆ, ನಿಮ್ಮಣ್ಣ ಸಿಕ್ಕವ್ನಂತಲ್ಲ, ಖಾತೆಗೆ ಇನ್ನೊಂದು ಎಸ್ರು ಸೇರ್ತದೆ ಅನ್ನಿ" ಎಂದು ನಕ್ಕರು. ನಾನು ಯಾರಿಗೂ ಹೇಳಿಲ್ಲ. ಆ ನಾಲ್ಕು ಸಾಲು ಅಚ್ಚಾಗಿಲ್ಲ. ಹಾಗಾದರೆ ಅವರಿಗೆ ಹೇಳಿದವರು ಯಾರು?

ಇನ್ನೊಂದು ವಿಷಯ. ಮೂರು ತಿಂಗಳಾಯಿತು. ನೀವು ಮೀನಿನ ವಿಷಯ ಬರೆದಿರಿ, ಮರಳಿನ ವಿಷಯ ಬರೆದಿರಿ, ಓಂಗೆಗಳು ಎಷ್ಟು ಮಂದಿ ಎಂದು ಬರೆದಿರಿ. ಹೆತ್ತವರ ಬಗ್ಗೆ ಒಂದು ಪದ ಕೇಳಲಿಲ್ಲ. ಮಗನಾದವನು ಮೊದಲು ಕೇಳುವುದು ಅದನ್ನೇ. ನಿಮಗೆ ಕೇಳಬೇಕು ಎಂದೇ ಅನ್ನಿಸಲಿಲ್ಲ, ಏಕೆಂದರೆ ನಿಮಗೆ ಅವರು ಯಾರೂ ಅಲ್ಲ.

ನನ್ನ ಮಟ್ಟಿಗೆ ಈ ಸುದ್ದಿ ಸುಳ್ಳು. ಇನ್ನು ಬರೆಯಬೇಡಿ.

ರಂಜಿನಿ


ಹಟ್ ಬೇ
೧೬ ಸೆಪ್ಟೆಂಬರ್ ೨೦೨೫, ಬೆಳಿಗ್ಗೆ ೮, ೮೧ ಡಿಗ್ರಿ

ಬರೆಯಬೇಡಿ ಎಂದಿದ್ದೀರಿ. ಇದೊಂದು ಬರೆದು ನಿಲ್ಲಿಸುತ್ತೇನೆ.

ರುದ್ರೇಶ ನಿಮ್ಮಿಂದ ಬರೆಸುತ್ತಿದ್ದಾನೆ ಎಂದು ನಾನು ತಿಳಿದಿದ್ದೆ. ನೀವು ಅವನು ನನ್ನಿಂದ ಬರೆಸುತ್ತಿದ್ದಾನೆ ಎನ್ನುತ್ತೀರಿ. ಇಬ್ಬರಲ್ಲಿ ಒಬ್ಬರು ಸುಳ್ಳು, ಇಲ್ಲವೇ ಅವನ ಪಾಡಿಗೆ ಅವನಿದ್ದಾನೆ.

ಹೆತ್ತವರ ವಿಷಯ ಕೇಳುವ ಬಾಯಿ ನನಗಿಲ್ಲ. ಏಕೆ ಎಂದು ರಂಜಿನಿಗೆ ಗೊತ್ತಿರುತ್ತದೆ. ಆದ್ದರಿಂದ ನಾನೂ ಒಂದು ಕೇಳುತ್ತೇನೆ.

ನಾನು ಊರು ಬಿಟ್ಟ ಭಾನುವಾರ ಈಶ್ವರಯ್ಯನವರ ಬ್ಯಾರನ್ನಿನಲ್ಲಿ, ಅದೇ ಒಲೆ ಉರಿಸಿ ಸೊಪ್ಪು ಒಣಗಿಸುವ ಮನೆಯಲ್ಲಿ, ಹೊಗೆಸೊಪ್ಪು ಹದಕ್ಕೆ ಬರುತ್ತಿತ್ತು. ಕೊನೆಯ ದಿನ, ಎಲೆಯ ಕಡ್ಡಿ ಒಣಗಿಸಲು ಕಾವು ಜಾಸ್ತಿ ಬೇಕಾದ ಹೊತ್ತು. ಒಲೆ ನೋಡುವ ಪಾಳಿ ನನ್ನದು. ಒಳಗಿನ ಥರ್ಮಾಮೀಟರನ್ನು ಗಾಜಿನ ಕಿಂಡಿಯಿಂದ ನೋಡಿ, ಬಾಗಿಲ ಪಕ್ಕದ ಸ್ಲೇಟಿನ ಮೇಲೆ ಅಂಕಿ ಬರೆಯಬೇಕು. ರಂಜಿ ಊಟ ತಂದಳು. "ಲೇ ರಂಜಿ, ಹೊಳೆಗೆ ಮುಳುಗಾಕ್ಕೊಂಡ್ ಬತ್ತೀನಿ. ನಂಬರ್ ನೋಡಿ ಬರ್ದಿಡು, ಸೌದೆ ಮುಟ್ಬ್ಯಾಡ" ಎಂದು ಹೋದೆ. ಬಂದಾಗ ಅವಳಿರಲಿಲ್ಲ. ಸ್ಲೇಟು ನೋಡಿದೆ. ಕಾವು ಇಳಿದಿದೆ ಎಂದು ಒಲೆಗೆ ಸೌದೆ ತುಂಬಿದೆ. ಒಳಗೆ ಒಣಗಿದ ಸೊಪ್ಪು ಕಾದ ಕೊಳವೆಯ ಮೇಲೆ ಬಿದ್ದು ಹತ್ತಿಕೊಂಡಿತು. ಅಪ್ಪ ಓಡಿಬಂದು ಒಳಗೆ ನುಗ್ಗಿದ.

"ನೂರಾ ಮೂವತ್ತೇ ಇತ್ತು ಕಣಪ್ಪೋ" ಎಂದು ಊರಿಗೆಲ್ಲ ಕೇಳುವ ಹಾಗೆ ಕೂಗಿದೆ. ಅದು ರುದ್ರೇಶನಿಗೂ ಗೊತ್ತು. ಆ ಉತ್ತರ ಬೇಡ. ಸ್ಲೇಟಿನ ಮೇಲೆ ಬರೆದವರು ಬರೆದದ್ದು ಎಷ್ಟು? ಬರೆದವರೇ ಹೇಳಲಿ.

ಅಶೋಕ


ಹೊಳೆನರಸೀಪುರ
4 ಅಕ್ಟೋಬರ್ 2025
ಸ್ಪೀಡ್ ಪೋಸ್ಟ್

ಅಣ್ಣ,

ನೂರ ಅರವತ್ತು.

ನಾನು ಬರೆದದ್ದು ೧೬೦. ಗಾಜಿನ ಒಳಗೆ ಇದ್ದದ್ದೂ 160. ನನ್ನ ಆರು ಮೂರರ ಹಾಗೆ ಕಾಣುತ್ತಿತ್ತು. ನೀನು ಕೂಗಿದ್ದು ನನಗೆ ಮನೆಯವರೆಗೆ ಕೇಳಿಸಿತು. ಏನಾಗಿದೆ ಎಂದು ಆಗಲೇ ಗೊತ್ತಾಯಿತು, ಓಡಿಬಂದೆ. ಜನ ಎಲ್ಲ ನೀರು ಎರಚುವುದರಲ್ಲಿದ್ದರು, ಸ್ಲೇಟು ಬೇಲಿಯ ಹತ್ತಿರ ಬಿದ್ದಿತ್ತು. ಲಂಗದಲ್ಲಿ ಒರೆಸಿಬಿಟ್ಟೆ. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಡೆಸ್ಕಿನಲ್ಲಿ ಎಲ್ಲರ ಅಂಕಿಯನ್ನೂ ಎರಡು ಸಲ ನೋಡುವುದನ್ನು ಕಂಡು ನನಗೆ ಬಹುಮಾನ ಬೇರೆ ಕೊಟ್ಟಿದ್ದಾರೆ.

ನಿನ್ನ ಪತ್ರ ಬಂದಾಗ ಈ ಉತ್ತರ ಬರೆಯದೆ ಸುಮ್ಮನಿದ್ದುಬಿಡೋಣ ಎಂದುಕೊಂಡೆ. ನೀನು ಸುಳ್ಳುಗಾರನಾಗಿಯೇ ಉಳಿದರೆ ನನಗೆ ಕ್ಷೇಮವಿತ್ತು. ಮೊನ್ನೆ ಬೆಳೆ ವರದಿಗೆಂದು ರಾಮನಾಥಪುರಕ್ಕೆ ಹೋಗಿದ್ದೆ. ದೊಡ್ಡತಾಯಮ್ಮ ಎನ್ನುವವರು ತಮ್ಮ ಬ್ಯಾರನ್ನಿನ ಕಿಂಡಿಗೆ ಕಣ್ಣಿಟ್ಟು ನಿಂತಿದ್ದರು. ಎಷ್ಟಿದೆ ಅಂದೆ. "ತೊಂಬತ್ತೆಂಟು ಕಣವ್ವ, ಎಲೆ ಇನ್ನೂ ಅಳ್ದಿ ತಿರುಗ್ತಾ ಅದೆ" ಅಂದರು. ತೊಂಬತ್ತೆಂಟು ಡಿಗ್ರಿಗೆ ಸೊಪ್ಪು ಬೇಯುವುದಿಲ್ಲವೇ ಅಂದೆ. ಅವರು ನಕ್ಕರು. "ಪೇಪರ್ನೋರಿಗೆ ಇಷ್ಟೂ ಗೊತ್ತಿಲ್ವಾ! ಇದು ಸೊಪ್ಪಿನ್ ಡಿಗ್ರಿ. ಜ್ವರ ನೋಡಲ್ವಾ, ಅದೇ ಡಿಗ್ರಿ. ಟೀವೀಲಿ ಏಳ್ತಾರಲ್ಲ, ಅದಲ್ಲ ಕಣವ್ವ."

ಎಂಬತ್ತಾರು ಸೊಪ್ಪಿನ ಡಿಗ್ರಿ ಎಂದರೆ ಹವಾಮಾನದ ಮೂವತ್ತು. ಅದು ಫ್ಯಾರನ್‌ಹೀಟ್, ಅಲ್ಲೇ ಮೊಬೈಲಿನಲ್ಲಿ ಲೆಕ್ಕ ಮಾಡಿದೆ. ಹಟ್ ಬೇಯಲ್ಲಿ ಕುಳಿತು ಸೆಕೆಯನ್ನು ಸೊಪ್ಪಿನ ಡಿಗ್ರಿಯಲ್ಲಿ ಬರೆಯುವವನು ಬ್ಯಾರನ್ನಿನ ಮುಂದೆ ಬೆಳೆದವನೇ. ಅಂಕಿ ನೋಡುವವಳು ಅದು ಯಾವ ಡಿಗ್ರಿ ಎಂದು ಕೇಳಲಿಲ್ಲ. ಆ ಬೆಂಕಿ ಆದಮೇಲೆ ನಮ್ಮ ಮನೆಯಲ್ಲಿ ಯಾರೂ ಸೊಪ್ಪಿನ ಕೆಲಸಕ್ಕೆ ಹೋಗಲಿಲ್ಲ. ಮರೆತೇಹೋಗಿತ್ತು.

ರುದ್ರೇಶನಿಗೆ ಹೇಳಿದವರು ಕೃಷ್ಣಪ್ಪ ಮೇಷ್ಟ್ರೇ. ಅರಕಲಗೂಡಿನ ಒಂದು ಮದುವೆಯಲ್ಲಿ ಊಟದ ಸಾಲಿನಲ್ಲಿ ಕುಳಿತು ಜಲಪಾತದ ಕಥೆಯನ್ನೆಲ್ಲ ಹೇಳಿದರಂತೆ. ಕೇಳಿದ್ದಕ್ಕೆ "ನೀವು ಅಚ್ಚು ಮಾಡ್ಲಿಲ್ಲ, ಬಾಯ್ಲಾದ್ರೂ ಏಳ್ಬಾರ್ದೇನಮ್ಮ" ಎಂದರು. ರುದ್ರೇಶ ಸೊಪ್ಪು ಬಿಟ್ಟು ಶುಂಠಿ ಹಾಕಿದ್ದಾರೆ. ಬ್ಯಾರನ್ ಇದ್ದ ಜಾಗದಲ್ಲಿ ಕೋಳಿ ಸಾಕಿದ್ದಾರೆ. ಈಶ್ವರಯ್ಯನವರು ಬೆಂಕಿಯ ಬಗ್ಗೆ ದೂರು ಕೊಡಲೇ ಇಲ್ಲ. ಆ ಬ್ಯಾರನ್ನಿಗೆ ಲೈಸೆನ್ಸ್ ಇರಲಿಲ್ಲ.

ನೀನು ಕೇಳದೇ ಇದ್ದದ್ದಕ್ಕೆ ಕಾರಣ ಈಗ ಹೊಳೆಯಿತು. ಅಪ್ಪ ಆ ದಿನ ಸಾಯಲಿಲ್ಲ ಅಣ್ಣ. ಬಲಗೈ ಬೆಂದು ಎರಡು ಬೆರಳು ಕೂಡಿಕೊಂಡವು. ಎಡಗೈಯಲ್ಲಿ ಉಂಡ, ಎಡಗೈಯಲ್ಲೇ ಬೀಡಿ ಹಚ್ಚಿದ, ನನ್ನನ್ನು ಓದಿಸಿದ. 2011ರ ಡಿಸೆಂಬರಿನಲ್ಲಿ ಎದೆನೋವಿನಿಂದ ಹೋದ. ಮಂಚಯ್ಯ ಬಂದುಹೋದ ಮೇಲೂ ಬಿಡದೆ, ಹದಿಮೂರು ವರ್ಷ ಬಸ್ಸಿನಿಂದ ಇಳಿಯುವವರ ಮುಖ ನೋಡುತ್ತಿದ್ದ.

ಅವ್ವ ಇದ್ದಾಳೆ. ನನ್ನ ಜೊತೆಯಲ್ಲೇ ಇದ್ದಾಳೆ. ಬೇಕೆಂದೇ ಬರೆಯಲಿಲ್ಲ. ನೀನು ಸುಳ್ಳಾಗಿದ್ದರೆ ಅವಳ ಮಗ ಎರಡನೇ ಸಲ ಸಾಯುತ್ತಿದ್ದ. ನಿನ್ನ ಮೊದಲ ಪತ್ರ ಬಂದ ದಿನ ಅಂಚೆ ಚೀಟಿಯ ಮೇಲಿನ ಹಡಗಿನ ಚಿತ್ರ ನೋಡಿ, "ಯಾರ್ದವ್ವ ಕಾಗ್ದ? ನೀರಾಚೆ ಯಾವನ್ನಾದ್ರೂ ನೋಡ್ಕಂಡಿದ್ದೀಯಾ? ಒಳ್ಳೇವ್ನಾದ್ರೆ ಬರಾಕೇಳು, ಸಾರು ಮಾಡ್ತೀನಿ" ಅಂದಳು. ಕಚೇರಿ ಕಾಗದ ಅಂದೆ. ಇನ್ನೂ ಹೇಳಿಲ್ಲ. ನೀನು ಬರುವುದು ಖಚಿತವಾದ ಮೇಲೆ ಹೇಳುತ್ತೇನೆ.

ರಂಜಿನಿ


ಹಟ್ ಬೇ
೧೪ ಅಕ್ಟೋಬರ್ ೨೦೨೫, ಮಧ್ಯಾಹ್ನ ೧, ೮೪ ಡಿಗ್ರಿ

ರಂಜಿ,

ನೂರ ಅರವತ್ತು. ಸರಿ.

ನನಗೆ ಗೊತ್ತಿತ್ತು. ಮದ್ರಾಸಿನಿಂದ ಬಂದ ಹಡಗಿನಲ್ಲಿ ಮೂರನೆಯ ದಿನ ಹೊಳೆಯಿತು. ನಿನ್ನ ಲೆಕ್ಕದ ಪುಸ್ತಕದಲ್ಲಿ ಮೇಷ್ಟ್ರು ಆರಕ್ಕೆಲ್ಲ ಕೆಂಪು ಸುತ್ತು ಹಾಕುತ್ತಿದ್ದರು. ನಿನ್ನ ಹೆಸರು ಹೊರಗೆ ಬರಬಾರದು ಎಂದು ಸುಮ್ಮನಿದ್ದೆ ಎಂದು ಬರೆದರೆ ನಾನು ದೊಡ್ಡ ಮನುಷ್ಯ ಆಗುತ್ತೇನೆ. ನಿಜ ಅದಲ್ಲ. ಅಪ್ಪನ ಅಂಗಿ ಹತ್ತಿಕೊಂಡದ್ದು ನೋಡಿ ಹೆದರಿ ಓಡಿದೆ. ಅಪ್ಪ ಹೋದ ಎಂದೇ ತಿಳಿದೆ. ನಿನ್ನ ಮೊದಲ ಕಾಗದದ ಕೊನೆಯಲ್ಲಿ ‘ದಿವಂಗತ’ ಎಂದಿತ್ತು. ಅದು ಓದಿದ ಮೇಲೆ ಕೇಳುವುದಕ್ಕೆ ಏನು ಉಳಿದಿತ್ತು?

ನಿನ್ನ ಆರು ಹೇಗಾದರೂ ಇರಲಿ, ಒಲೆ ನೋಡುವವನು ಸ್ಲೇಟು ನಂಬಿ ಸೌದೆ ಹಾಕಬಾರದು. ಎರಡು ಹೆಜ್ಜೆ ನಡೆದು ಗಾಜು ನೋಡಬೇಕಿತ್ತು. ಅದಕ್ಕೇ ಈಗ ದಿನಕ್ಕೆ ನಾಲ್ಕು ಸಲ ನೋಡುತ್ತೇನೆ. ಇಲ್ಲಿ ಒಣಗಿಸುವುದಕ್ಕೆ ಏನೂ ಇಲ್ಲ.

ಹದಿಮೂರು ವರ್ಷ ಎಂದು ಬರೆದಿದ್ದೀಯ. ಅದನ್ನು ಓದಿ ಜಲಪಾತದ ಕಡೆ ಹೋದೆ. ನೀರಿನ ಸದ್ದಿನಲ್ಲಿ ಅತ್ತರೆ ಪ್ರವಾಸಿಗಳಿಗೆ ಕೇಳುವುದಿಲ್ಲ. ಕೋಲ್ಕತ್ತಾದವರೊಬ್ಬರು ಫೋಟೊ ತೆಗೆಯಲು ಹೇಳಿದರು, ತೆಗೆದುಕೊಟ್ಟೆ.

ಹಟ್ ಬೇಯಿಂದ ಹೊರಡುವ ಹಡಗಿಗೆ ನವೆಂಬರ್ ೮, ಶನಿವಾರಕ್ಕೆ ಟಿಕೆಟ್ ತೆಗೆದಿದ್ದೇನೆ. ೧೦ಕ್ಕೆ ಮದ್ರಾಸ್ ಹಡಗು. ೧೩ಕ್ಕೆ ತಲುಪುತ್ತದೆ ಎನ್ನುತ್ತಾರೆ, ಗಾಳಿ ಎದ್ದರೆ ೧೪. ಅಲ್ಲಿಂದ ಬರುವ ದಾರಿ ನೀನೇ ಬರೆ, ನಾನು ಬಿಟ್ಟಾಗಿನ ದಾರಿ ಈಗ ಇರಲಿಕ್ಕಿಲ್ಲ. ಥರ್ಮಾಮೀಟರ್ ತರುತ್ತೇನೆ.

ಅವ್ವನಿಗೆ ಹೇಳು. ಇಲ್ಲ, ನಿನಗೆ ಸರಿ ಅನ್ನಿಸಿದಾಗ ಹೇಳು.

ನಿನ್ನಣ್ಣ


ಹೊಳೆನರಸೀಪುರ
25 ಅಕ್ಟೋಬರ್ 2025, ಸೊಪ್ಪಿನ ಡಿಗ್ರಿ 77
ಸ್ಪೀಡ್ ಪೋಸ್ಟ್

ಅಣ್ಣ,

ಅವ್ವನಿಗೆ ನಿನ್ನೆ ಹೇಳಿದೆ. ರಾಗಿ ಕೇರುತ್ತಿದ್ದಳು. ಮೊರ ಕೆಳಗಿಟ್ಟಳು. ಅಳಲಿಲ್ಲ. "ಯಾರೇಳಿದ್ದು?" ಅಂದಳು. ಕೃಷ್ಣಪ್ಪ ಮೇಷ್ಟ್ರು ಅಂದೆ. "ಅವ್ರು ನಮ್ಮುಡ್ಗನ್ನ ಮೊದ್ಲು ನೋಡವ್ರಾ?" ಇಲ್ಲ ಅಂದೆ. "ಮತ್ತೆಂಗೇಳ್ತಾರೆ?" ನಾನು ಪತ್ರಿಕೆ ಸೇರುವ ಮೊದಲೇ ನಮ್ಮ ಮನೆಯಲ್ಲೊಬ್ಬಳು ಉಪಸಂಪಾದಕಿ ಇದ್ದಳು, ನನಗೆ ಗೊತ್ತಿರಲಿಲ್ಲ.

ನಿನ್ನ ಪತ್ರಗಳನ್ನೆಲ್ಲ ಓದಿ ಹೇಳಿದೆ. ಜಲಪಾತ, ಮರಳು, ಓಂಗೆಗಳು, ಎಲ್ಲ ಕೇಳಿಸಿಕೊಂಡಳು. "ಆ ಕಾಡ್ ಜನವ ನೋಡಾಕೆ ಬ್ಯಾರೆಯೋರ್ನ ಬಿಡಕಿಲ್ಲ ಅಂತಾನಲ್ಲ, ಅದೊಂದು ಒಳ್ಳೇದ್ ಮಾಡವ್ನೆ" ಅಂದಳು. ಫೋನ್ ಮಾಡಲೇ ಎಂದು ಕೇಳಿದೆ. ಬೇಡ ಅಂದಳು. "ಪೋನ್ನಾಗೆ ಯಾರ್ ಬೇಕಾದ್ರೂ ಮಗ ಆಯ್ತಾರೆ ಕಣವ್ವ. ಬರ್ಲಿ. ಎದ್ರಿಗೆ ಕೂರ್ಸಿ ಮುದ್ದೆ ಇಕ್ತೀನಿ. ಮುರ್ಯೋದ್ ನೋಡುದ್ರೆ ಗೊತ್ತಾಯ್ತದೆ." ಆದ್ದರಿಂದ ನನ್ನ ಪರೀಕ್ಷೆ ಮುಗಿದಿದ್ದರೂ ನಿನಗೆ ಇನ್ನೊಂದು ಬಾಕಿ ಇದೆ.

ಸ್ಲೇಟಿನ ವಿಷಯವನ್ನೂ ಹೇಳಿದೆ. ಅವಳು ಮೊರ ಕೈಗೆತ್ತಿಕೊಂಡಳು. "ಗೊತ್ತಿತ್ತು ಕಣೆ. ನಿನ್ ಲಂಗದ್ ತುಂಬ ಸೀಮೆಸುಣ್ಣ ಇತ್ತು. ಒಗ್ದೋಳು ನಾನಲ್ವಾ" ಅಂದಳು. ಇಷ್ಟು ವರ್ಷ ಏಕೆ ಹೇಳಲಿಲ್ಲ ಅಂದೆ. "ನೀನೇ ಏಳ್ತೀಯ ಅಂತಿದ್ದೆ" ಅಂದಳು. ಕೇರುವುದನ್ನು ಮುಂದುವರಿಸಿದಳು.

ಕಾರ್ಯಕ್ರಮ ಹೀಗಿದೆ. ಚೆನ್ನೈನಲ್ಲಿ ಇಳಿದು ಬೆಂಗಳೂರಿಗೆ ರೈಲು, ಅಲ್ಲಿಂದ ಹಾಸನಕ್ಕೆ ಬಸ್ಸು. ಚನ್ನರಾಯಪಟ್ಟಣದಲ್ಲಿ ಕೃಷ್ಣಪ್ಪ ಮೇಷ್ಟ್ರು ಬಸ್ಸಿಗೆ ಬಂದು ನಿನ್ನನ್ನು ಮಾತಾಡಿಸುತ್ತೇನೆ ಎಂದಿದ್ದಾರೆ, ತಡೆಯಲು ಆಗಲಿಲ್ಲ. ಹಾಸನದ ಬಸ್ ನಿಲ್ದಾಣದಲ್ಲಿ ನಾನು ಮತ್ತು ಅವ್ವ ಇರುತ್ತೇವೆ. ಬಸ್ಸು ಹತ್ತಿದ ಮೇಲೆ ಸಮಯ ತಿಳಿಸು.

ವಂಶವೃಕ್ಷದಲ್ಲಿ ನಿನ್ನ ಹೆಸರಿನ ಮುಂದಿರುವ ‘ಮೃತ’ ಎಂಬುದನ್ನು ತೆಗೆಯಲು ಅರ್ಜಿ ಕೊಟ್ಟಿದ್ದೇನೆ. ವಿಚಾರಣೆ ನವೆಂಬರ್ 17, ಸೋಮವಾರ, ಬೆಳಿಗ್ಗೆ 10.30ಕ್ಕೆ ರಾಮನಾಥಪುರದ ನಾಡಕಚೇರಿಯಲ್ಲಿ. ಆಧಾರ್ ಕಾರ್ಡಿನ ಮೂಲಪ್ರತಿ ತರಬೇಕು. ಮೂವರೂ ಖುದ್ದಾಗಿ ಹಾಜರಿರಬೇಕು.

ರಂಜಿ